ರೋಲರ್‌ನಿಂದ ಟೆಕ್ಸ್ಚರ್ ಪೇಂಟ್: ಗೋಡೆಯ ನಡುವೆ ಕೈ ನಿಲ್ಲಿಸಬೇಡಿ

ವಾರಕ್ಕೆ ಒಂದಾದರೂ ಫೋಟೊ ಬರುತ್ತದೆ. ಹಾಲ್‌ನ ಗೋಡೆ, ಅದರ ಮೇಲೆ ಹೊಸ ಟೆಕ್ಸ್ಚರ್ (ಉಬ್ಬುತಗ್ಗು ಎದ್ದು ಕಾಣೋ ದಪ್ಪ ಪೇಂಟ್), ನಟ್ಟನಡುವೆ ಮೇಲಿಂದ ಕೆಳಗಿನವರೆಗೆ ಒಂದು ಗೀಟು. ಹೊಲಿಗೆ ಹಾಕಿದ ಗಾಯದ ಹಾಗೆ. ಜೊತೆಗೆ ಒಂದೇ ಪ್ರಶ್ನೆ: ಇದನ್ನು ಹೇಗೆ ಮುಚ್ಚೋದು? ಮುಚ್ಚೋಕೆ ಬರಲ್ಲ. ಆ ಗೋಡೆ ಮತ್ತೆ ಮಾಡಬೇಕು.

ನನ್ನ ಮೊದಲ ಗೋಡೆಯನ್ನೂ ಹೀಗೇ ಕೆಡಿಸಿದ್ದೆ. ವಿಜಯಪುರದ ನಮ್ಮ ಮನೆಯ ಪಡಸಾಲೆ, ಏಪ್ರಿಲ್ ತಿಂಗಳು, ಮಧ್ಯಾಹ್ನ 12 ಗಂಟೆ. ಅರ್ಧ ಗೋಡೆ ಆಗಿತ್ತು, ಅಷ್ಟರಲ್ಲಿ 'ಊಟ ಆರ್ತದ' ಅಂತ ಒಳಗಿಂದ ಕೂಗು ಬಂತು. ಎರಡು ರೊಟ್ಟಿ ತಿಂದು ಬರೋಷ್ಟರಲ್ಲಿ ಅಂಚು ಒಣಗಿ ಕುಳಿತಿತ್ತು. ಅದರ ಮೇಲೆ ಮತ್ತೆ ರೋಲರ್ ಓಡಿಸಿದೆ, ಅರೆ ಒಣಗಿದ್ದು ಚಕ್ಕೆ ಚಕ್ಕೆಯಾಗಿ ಕಿತ್ತುಕೊಂಡು ಬಂತು. ತಿದ್ದಿದೆ. ಹಗಲಲ್ಲಿ ಅಷ್ಟಾಗಿ ಕಾಣಲಿಲ್ಲ. ಸಂಜೆ ಟ್ಯೂಬ್‌ಲೈಟ್ ಹಾಕಿದಾಗ ಇಡೀ ಗೋಡೆ ನನ್ನನ್ನು ನೋಡಿ ನಗುತ್ತಿತ್ತು.

ಆದ್ದರಿಂದ ಇಲ್ಲಿ ಕೆಲಸ ನಡೆಯೋ ಕ್ರಮದಲ್ಲೇ ಬರೆಯುತ್ತಿದ್ದೇನೆ. ರೋಲರ್ ಓಡಿಸೋದು ದೊಡ್ಡ ಕೆಲಸ ಅಲ್ಲ. ಸಾಧಾರಣ ಗೋಡೆಗೆ ಒಂದೂವರೆ ಗಂಟೆ ಸಾಕು. ಅದಕ್ಕೂ ಮೊದಲಿನ ನಾಲ್ಕೈದು ದಿನದ ತಯಾರಿ, ಆಮೇಲೆ ಆ ಒಂದೂವರೆ ಗಂಟೆ ಯಾರೂ ನಿಮ್ಮನ್ನು ಕರೆಯದ ಹಾಗೆ ನೋಡಿಕೊಳ್ಳೋದು, ಇವೆರಡೇ ಕಷ್ಟ.

## ಶುರು ಮಾಡೋ ಮೊದಲು: ಯಾವ ಗೋಡೆ, ಯಾವ ತಿಂಗಳು

ಮನೆಯ ನಾಲ್ಕೂ ಗೋಡೆಗೆ ಬೇಡ. ಒಂದೇ ಗೋಡೆ ಆರಿಸಿ. ಟಿವಿ ಹಿಂದಿನದು ಇಲ್ಲವೇ ಸೋಫಾ ಹಿಂದಿನದು. ಅಡುಗೆಮನೆ ಬೇಡ, ಎಣ್ಣೆ ಜಿಡ್ಡು ಉಬ್ಬುತಗ್ಗಿನಲ್ಲಿ ಕೂತರೆ ಒರೆಸೋಕೆ ಆಗಲ್ಲ. ದೇವರ ಮನೆಯ ಹತ್ತಿರವೂ ಬೇಡ, ಊದಿನಕಡ್ಡಿ ಹೊಗೆ ಹಿಡಿಯುತ್ತದೆ. ಮಕ್ಕಳು ಓಡಾಡೋ ಸಣ್ಣ ಓಣಿಯಂಥ ಜಾಗದಲ್ಲಿ ಒರಟು ಟೆಕ್ಸ್ಚರ್ ಹಾಕಿದರೆ ಮೊಣಕೈ ತರಚೋದು ಗ್ಯಾರಂಟಿ.

ತಿಂಗಳು ನೋಡಿ. ನಮ್ಮಲ್ಲಿ ಬಣ್ಣದ ಕೆಲಸ ಹಿಡಿಯೋದೇ ಏಪ್ರಿಲ್-ಮೇನಲ್ಲಿ, ಮನೆಯಲ್ಲಿ ಮದುವೆ ಇರುತ್ತದಲ್ಲ. ವಿಜಯಪುರ, ಬಾಗಲಕೋಟೆ ಕಡೆ ಆಗ ಬಿಸಿಲು 40 ಡಿಗ್ರಿ ದಾಟಿರುತ್ತದೆ, ಗಾಳಿ ಒಣ. ಮಾಲು, ಅಂದರೆ ಡಬ್ಬದ ಟೆಕ್ಸ್ಚರ್ ಪೇಂಟ್, ಗೋಡೆಗೆ ಹತ್ತಿದ ಕೂಡಲೇ ನೀರು ಬಿಟ್ಟು ಒಣಗುತ್ತದೆ. ಬೆಳಗಾವಿಯಲ್ಲಿ ಇದರ ಉಲ್ಟಾ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ತೇವ, ಗಾಳಿಯೂ ತೇವ, ಒಂದು ದಿನದಲ್ಲಿ ಒಣಗಬೇಕಾದದ್ದು ಮೂರು ದಿನವಾದರೂ ಮೆತ್ತಗೇ ಇರುತ್ತದೆ. ನವೆಂಬರ್‌ನಿಂದ ಫೆಬ್ರುವರಿ ಎರಡೂ ಕಡೆಗೆ ಒಳ್ಳೆಯ ಕಾಲ. ಬೇಸಿಗೆಯಲ್ಲೇ ಮಾಡಬೇಕು ಅಂದರೆ ಬೆಳಗ್ಗೆ 6ಕ್ಕೆ ಶುರು ಮಾಡಿ 10ರೊಳಗೆ ಮುಗಿಸಿ. ಪಶ್ಚಿಮದ ಗೋಡೆಯನ್ನು ಸಂಜೆ ಮುಟ್ಟಲೇಬೇಡಿ. ಮಧ್ಯಾಹ್ನದಿಂದ ಬಿಸಿಲು ಕುಡಿದ ಗೋಡೆ ರಾತ್ರಿ 8ಕ್ಕೂ ಬೆಚ್ಚಗಿರುತ್ತದೆ. ಅಂಗೈ ಇಟ್ಟು ನೋಡಿ, ಬೆಚ್ಚಗೆ ಅನಿಸಿದರೆ ಅವತ್ತು ಕೆಲಸ ಇಲ್ಲ.

## ಬೇಕಾದ ಸಾಮಾನು

ಇಲ್ಲೇ ಮೊದಲ ಎಡವಟ್ಟು ಆಗೋದು. ಅಂಗಡಿಯಲ್ಲಿ 'ಟೆಕ್ಸ್ಚರ್ ರೋಲರ್' ಅಂತ ಕೇಳಿದರೆ ಎರಡು ಬೇರೆ ಬೇರೆ ಸಾಮಾನು ಕೊಡುತ್ತಾರೆ. ಒಂದು ಸ್ಪಂಜಿನದು, ಮೈತುಂಬ ದೊಡ್ಡ ದೊಡ್ಡ ತೂತು. ಇದನ್ನು ಮಾಲಿನಲ್ಲಿ ಅದ್ದಿ ನೇರ ಗೋಡೆಗೆ ಓಡಿಸೋದು, ಆ ತೂತುಗಳೇ ಉಬ್ಬು ಎಬ್ಬಿಸುತ್ತವೆ. ಇನ್ನೊಂದು ರಬ್ಬರಿನದು, ಮೈಮೇಲೆ ಎಲೆ, ಬಳ್ಳಿ, ಇಟ್ಟಿಗೆಯ ಅಚ್ಚು. ಇದು ಮಾಲು ಹಚ್ಚೋಕೆ ಅಲ್ಲ. ಮೊದಲು ಕರಣಿಯಿಂದ ಮಾಲು ಸಮನಾಗಿ ಎಳೆದು, ಅದರ ಮೇಲೆ ಒತ್ತಿ ಅಚ್ಚು ಮೂಡಿಸೋಕೆ. ಅಚ್ಚಿನ ರೋಲರ್ ತಂದು ಮಾಲಿನಲ್ಲಿ ಅದ್ದಿ, ಜಾರುತ್ತದೆ ಅಂತ ಬೈದುಕೊಳ್ಳುವವರು ಬಹಳ ಜನ. ಈ ಬರಹ ಸ್ಪಂಜ್ ರೋಲರ್‌ದು. ಮೊದಲ ಸಲ ಮಾಡುವವರಿಗೆ ಅದೇ ಸರಿ, ಅಚ್ಚಿನದರಲ್ಲಿ ಒಂದು ಬಳ್ಳಿ ಅರ್ಧ ಇಂಚು ಸರಿದರೂ ಕಣ್ಣಿಗೆ ಹೊಡೆಯುತ್ತದೆ.

ಉಳಿದದ್ದು ಇಷ್ಟು: 9 ಇಂಚಿನ ಸ್ಪಂಜ್ ರೋಲರ್ ಎರಡು (ಒಂದು ಹರಿದರೆ ಇನ್ನೊಂದು, ಎರಡೂ ಒಂದೇ ತರಹದ್ದು), ಮೂಲೆಗೆ 4 ಇಂಚಿನ ಸಣ್ಣದು ಒಂದು, ಅದೇ ತೂತಿನ ಸ್ಪಂಜಿನ ತುಂಡು, ರೋಲರ್‌ಗೆ ಉದ್ದ ಕೋಲು, 3 ಇಂಚಿನ ಬ್ರಷ್, ಕೆರೆಯೋ ಪಟ್ಟಿ, 120 ಮತ್ತು 220 ನಂಬರಿನ ಪಾಲಿಶ್ ಪೇಪರ್, ಮಾಸ್ಕಿಂಗ್ ಟೇಪ್, ನೆಲಕ್ಕೆ ಹಾಸೋಕೆ ಹಳೆ ಚಾದರ, ಅದರ ಕೆಳಗೆ ಪ್ಲಾಸ್ಟಿಕ್. ಮನೆಯಲ್ಲಿ ಶಹಾಬಾದ್ ಫರಸಿ ಇದ್ದರೆ ಪ್ಲಾಸ್ಟಿಕ್ ಮರೆಯಬೇಡಿ, ಆ ಕಲ್ಲಿನ ಸಂದಿಯಲ್ಲಿ ಟೆಕ್ಸ್ಚರ್ ಒಣಗಿದರೆ ಉಗುರಿನಿಂದ ಕಿತ್ತು ಕಿತ್ತು ಸಾಕಾಗುತ್ತದೆ. ಎನ್95 ಮಾಸ್ಕ್, ಕನ್ನಡಕ. ಗಟ್ಟಿ ಏಣಿ. ಕುರ್ಚಿಯ ಮೇಲೆ ಸ್ಟೂಲ್ ಇಟ್ಟು ಹತ್ತುವ ಸಾಹಸ ಬೇಡ.

ಕೊನೆಯದಾಗಿ ಒಂದು ಬ್ಯಾಟರಿ (ಟಾರ್ಚ್). ಇದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

## ಹಂತ 1: ಗೋಡೆಯ ಜಾತಕ ನೋಡಿ

ಗೋಡೆಯ ಮೇಲೆ ಟೆಕ್ಸ್ಚರ್ ಪದರ ಸಾದಾ ಬಣ್ಣದ ಪದರಕ್ಕಿಂತ ಎಷ್ಟೋ ಪಟ್ಟು ತೂಕ. ಅದು ಹಿಡಿದುಕೊಳ್ಳೋದು ಗೋಡೆಯನ್ನಲ್ಲ, ಗೋಡೆಯ ಮೇಲಿನ ಕೊನೆಯ ಪದರವನ್ನು. ಆ ಪದರ ಸಡಿಲ ಇದ್ದರೆ ಎರಡೂ ಕೂಡಿ ಕೆಳಗೆ ಬರುತ್ತವೆ.

ಕರಿ ಬಟ್ಟೆಯಿಂದ ಗೋಡೆ ಉಜ್ಜಿ. ಬಿಳಿ ಪುಡಿ ಹತ್ತಿದರೆ ಕೆಳಗೆ ಸುಣ್ಣ ಇಲ್ಲವೇ ಹಳೆ ಡಿಸ್ಟೆಂಪರ್ ಇದೆ ಅಂತ ಅರ್ಥ. ಹಳೆ ಊರಿನ ಮನೆಗಳಲ್ಲಿ ವರ್ಷವರ್ಷ ಹಬ್ಬಕ್ಕೆ ಬಳಿದ ಸುಣ್ಣ ಪದರ ಪದರವಾಗಿ ಕೂತಿರುತ್ತದೆ. ಅದರ ಮೇಲೆ ಪ್ರೈಮರ್ (ಬಣ್ಣ ಹಿಡಿಯೋಕೆ ಕೆಳಗೆ ಹೊಡೆಯೋ ಪದರ) ಹೊಡೆದರೂ ಉಪಯೋಗ ಇಲ್ಲ. ನೀರು ಚಿಮುಕಿಸಿ, ಹತ್ತು ನಿಮಿಷ ಬಿಟ್ಟು, ಪಟ್ಟಿಯಿಂದ ಗಿಲಾವು (ಪ್ಲಾಸ್ಟರ್) ಕಾಣೋವರೆಗೆ ಕೆರೆಯಬೇಕು. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ.

ನಾಣ್ಯದಿಂದ ಗೋಡೆ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಗಿಲಾವು ಬಿಟ್ಟಿದೆ. ಅಷ್ಟನ್ನು ಒಡೆದು ಗೌಂಡಿಯ ಕೈಯಲ್ಲಿ ಹೊಸದಾಗಿ ಮಾಡಿಸಿ. ಹೊಸ ಸಿಮೆಂಟ್ ಗಿಲಾವು ಆದರೆ ಕನಿಷ್ಠ 28 ದಿನ ಬಿಡಿ.

ತೇವ ನೋಡೋಕೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ. ಒಂದು ದಿನ ಬಿಟ್ಟು ತೆಗೆಯಿರಿ. ಗೋಡೆ ಕಡೆಯ ಮೈಯಲ್ಲಿ ಹನಿ ಕೂತಿದ್ದರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಬೆಳಗಾವಿಯಲ್ಲಿ ಮಳೆಗಾಳಿ ಬಡಿಯೋ ಪಶ್ಚಿಮದ ಗೋಡೆಗೆ ಈ ಪರೀಕ್ಷೆ ಮಾಡದೆ ಕೈ ಹಾಕಬೇಡಿ. ಹೊರಗಿನ ಸೋರಿಕೆ ನಿಲ್ಲಿಸದೆ ಒಳಗೆ ಟೆಕ್ಸ್ಚರ್ ಹಚ್ಚೋದು ಹುಣ್ಣಿನ ಮೇಲೆ ಜರತಾರಿ ಸೀರೆ ಉಟ್ಟ ಹಾಗೆ.

ಗೋಡೆಯ ಬುಡದಲ್ಲಿ ಉಪ್ಪಿನಂಥ ಬಿಳಿ ಬೂದಿ ಎದ್ದಿದ್ದರೆ ಅದು ಸವಳು. ಬೋರ್‌ವೆಲ್‌ನ ಸವಳು ನೀರಿನಲ್ಲೇ ಗಿಲಾವು ಕಲಸಿ, ಅದೇ ನೀರು ಹೊಡೆದ ಮನೆಗಳಲ್ಲಿ ಇದು ಜಾಸ್ತಿ. ನೀರು ಹಾಕಿ ತೊಳೆಯಬೇಡಿ, ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ ತೆಗೆದು, 15 ದಿನ ಕಾಯಿರಿ. ಮತ್ತೆ ಎದ್ದರೆ ತೇವದ ಮೂಲ ಇನ್ನೂ ಜೀವಂತ ಇದೆ.

ಇನ್ನು ಬಿರುಕು. ನಮ್ಮ ಕಡೆಯ ದೊಡ್ಡ ತಲೆನೋವು ಇದೇ. ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ, ಅದರ ಮೇಲೆ ಕೂತ ಮನೆಯೂ ಜೊತೆಗೇ ಕದಲುತ್ತದೆ. ಬಾಗಿಲ ಚೌಕಟ್ಟಿನ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗೋ ಬಿರುಕು ನೋಡಿರುತ್ತೀರಿ. ಟೆಕ್ಸ್ಚರ್ ಹಾಕಿದರೆ ಮುಚ್ಚಿಹೋಗುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ಕೂದಲೆಳೆ ಬಿರುಕಿಗೆ ಆ ಮಾತು ನಿಜ. ಕದಲುವ ಬಿರುಕಿಗೆ ಅಲ್ಲ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಗೆರೆ ದಾಟಿಲ್ಲ ಅಂದರೆ ಕೆಲಸ ಮಾಡಬಹುದು. ದಾಟುತ್ತಲೇ ಇದ್ದರೆ ಆ ಗೋಡೆ ಬಿಡಿ, ಎದುರಿನದು ಆರಿಸಿ. ಮದುವೆ ಹತ್ತಿರ ಇದೆ, ವರ್ಷಗಟ್ಟಲೆ ಕಾಯೋಕೆ ಆಗಲ್ಲ ಅನ್ನುವವರಿಗೂ ಇದೇ ಉತ್ತರ.

## ಹಂತ 2: ಕೆರೆಯೋದು, ತುಂಬೋದು, ಪ್ರೈಮರ್

ಕದಲದೆ ನಿಂತ ಬಿರುಕನ್ನು ಕೆರೆಯೋ ಪಟ್ಟಿಯ ಮೂಲೆಯಿಂದ ಸ್ವಲ್ಪ ಅಗಲ ಮಾಡಿ, ಒಳಗಿನ ಧೂಳು ಬ್ರಷ್‌ನಿಂದ ತೆಗೆದು, ಅಕ್ರಿಲಿಕ್ ಫಿಲ್ಲರ್ ಒತ್ತಿ ತುಂಬಿ. ಅಗಲ ಮಾಡದೆ ಮೇಲೆ ಮೇಲೆ ಸವರಿದರೆ ಫಿಲ್ಲರ್ ಒಳಗೆ ಇಳಿಯೋದೇ ಇಲ್ಲ. 3 ಮಿಲಿಮೀಟರ್‌ಗಿಂತ ದೊಡ್ಡದಾದರೆ ಮೇಲೆ ಫೈಬರ್ ಜಾಳಿಗೆಯ ಪಟ್ಟಿ ಹಚ್ಚಿ, ಅದರ ಮೇಲೆ ಪುಟ್ಟಿ (ಗೋಡೆ ಸಮ ಮಾಡೋ ಹಿಟ್ಟು) ಎಳೆಯಿರಿ.

ಪುಟ್ಟಿ ಎಲ್ಲ ಕಡೆ ಗಾಜಿನಂತೆ ನುಣ್ಣಗೆ ಬೇಕಿಲ್ಲ, ಮೇಲೆ ಒರಟು ಬರುತ್ತದಲ್ಲ. ಆದರೆ ಉಬ್ಬುತಗ್ಗು ಸಮ ಆಗಬೇಕು. ತೆಳ್ಳಗೆ ಎರಡು ಕೈ, ಎರಡೂ ಸೇರಿ ಒಂದೂವರೆ ಮಿಲಿಮೀಟರ್ ದಾಟಬಾರದು. ದಪ್ಪ ಪುಟ್ಟಿ ಟೆಕ್ಸ್ಚರ್ ತೂಕ ತಡೆಯಲ್ಲ. ಒಣಗಿದ ಮೇಲೆ 120ರ ಪೇಪರಿನಿಂದ ಉಜ್ಜಿ, 220ರಿಂದ ಮುಗಿಸಿ, ಒದ್ದೆ ಬಟ್ಟೆಯಿಂದ ಒರೆಸಿ. ಈ ಒರೆಸೋದನ್ನು ಬಿಡುವವರೇ ಬಹಳ. ಪುಟ್ಟಿಯ ಧೂಳು ಗೋಡೆಗೆ ಹಚ್ಚಿದ ಪೌಡರ್ ಇದ್ದ ಹಾಗೆ, ಮೇಲೆ ಏನೂ ನಿಲ್ಲಲ್ಲ.

ಹಳೆ ಮನೆಗಳಲ್ಲಿ ಗೋಡೆಯ ಕೆಳಗಿನ ಮೂರು-ನಾಲ್ಕು ಅಡಿ ಆಯಿಲ್ ಪೇಂಟ್ ಪಟ್ಟಿ ಇರುತ್ತದೆ, ಹೊಳೆಯೋ ಹಸಿರು ಇಲ್ಲವೇ ಚಾಕೊಲೇಟ್ ಬಣ್ಣ. ಅದರ ಹೊಳಪು ಹೋಗೋವರೆಗೆ ಉಜ್ಜಬೇಕು. ಒಣ ಉಜ್ಜಬೇಡಿ, ನೀರು ಹಚ್ಚಿ ವಾಟರ್ ಪೇಪರ್‌ನಿಂದ (ನೀರಲ್ಲಿ ನೆನೆಸಿ ಉಜ್ಜೋ ಪಾಲಿಶ್ ಪೇಪರ್) ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಕಳಿಸಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಆಯಿಲ್ ಪೇಂಟ್‌ನ ಧೂಳಿನಲ್ಲಿ ಸೀಸ ಇರಬಹುದು, ಅದು ಮಕ್ಕಳ ಹೊಟ್ಟೆಗೆ ಹೋಗಬಾರದು.

ಪ್ರೈಮರ್ ವಾಟರ್ ಬೇಸ್ ಸಾಕು. ನೀರು ಎಷ್ಟು ಅನ್ನೋದು ಡಬ್ಬದ ಮೇಲೆ ಬರೆದಿರುತ್ತದೆ, ಅಷ್ಟೇ ಹಾಕಿ. ಒಂದು ಉಪಾಯ: ಟೆಕ್ಸ್ಚರ್‌ಗೆ ಬರೋ ಬಣ್ಣಕ್ಕೆ ಹತ್ತಿರದ ಬಣ್ಣ ಪ್ರೈಮರ್‌ಗೂ ಸ್ವಲ್ಪ ಸೇರಿಸಿ. ಸ್ಪಂಜ್ ರೋಲರ್ ಎಲ್ಲೋ ಒಂದು ಕಡೆ ತಗ್ಗು ಬಿಟ್ಟೇ ಬಿಡುತ್ತದೆ, ಅಲ್ಲಿ ಬಿಳಿ ಚುಕ್ಕೆ ಇಣುಕಲ್ಲ. ಒಂದು ರಾತ್ರಿ ಒಣಗಲಿ.

ಬೆಳಗ್ಗೆ ಎದ್ದು ಟೇಪ್ ಪರೀಕ್ಷೆ ಮಾಡಿ. ಮಾಸ್ಕಿಂಗ್ ಟೇಪ್ ಗಟ್ಟಿಯಾಗಿ ಒತ್ತಿ ಸರಕ್ಕನೆ ಕೀಳಿ. ಟೇಪಿನ ಜೊತೆ ಪ್ರೈಮರ್ ಬಂದರೆ ಹಂತ 1ಕ್ಕೆ ವಾಪಸ್. ಬೈಕೊಳ್ಳಿ, ಆದರೆ ವಾಪಸ್ ಹೋಗಿ.

## ಹಂತ 3: ಬೋರ್ಡಿನ ಮೇಲೆ ತಾಲೀಮು

ಎರಡು ಅಡಿ ಚೌಕದ ಹಳೆ ಪ್ಲೈವುಡ್ ತುಂಡಿಗೆ ಪುಟ್ಟಿ, ಪ್ರೈಮರ್ ಹಚ್ಚಿ. ಗೋಡೆಗೆ ಮಾಡೋದನ್ನೆಲ್ಲ ಮೊದಲು ಅದರ ಮೇಲೆ ಮಾಡಿ. ಒಣಗಿದ ಮೇಲೆ ಅದೇ ಗೋಡೆಗೆ ಒರಗಿಸಿ ಬೆಳಗ್ಗೆ ಒಮ್ಮೆ, ರಾತ್ರಿ ಲೈಟ್ ಹಾಕಿ ಒಮ್ಮೆ ನೋಡಿ. ಅಂಗಡಿಯ ಕ್ಯಾಟಲಾಗಿನಲ್ಲಿ ಅಂಗೈಯಗಲ ಚಂದ ಕಂಡದ್ದು 12 ಅಡಿ ಗೋಡೆಯ ಮೇಲೆ ಗಜಕರ್ಣದಂತೆ ಕಾಣಬಹುದು.

ಇದರಿಂದ ಲೆಕ್ಕವೂ ಸಿಗುತ್ತದೆ. ಹಚ್ಚೋ ಮೊದಲು ಮಾಲು ತೂಕ ಮಾಡಿ, ಹಚ್ಚಿದ ಮೇಲೆ ಉಳಿದದ್ದು ತೂಕ ಮಾಡಿ. 4 ಚದರಡಿಗೆ ಅರ್ಧ ಕೆಜಿ ಹೋಯಿತು ಅಂದುಕೊಳ್ಳಿ, ಅಂದರೆ ಕೆಜಿಗೆ 8 ಚದರಡಿ. 12 ಅಡಿ ಅಗಲ, 10 ಅಡಿ ಎತ್ತರದ ಗೋಡೆ 120 ಚದರಡಿ. ಅದರಲ್ಲಿ 3 ಅಡಿ ಅಗಲ, 7 ಅಡಿ ಎತ್ತರದ ಬಾಗಿಲು 21 ಹೋದರೆ ಉಳಿದದ್ದು 99. ಹನ್ನೆರಡೂವರೆ ಕೆಜಿ ಬೇಕು. ರೋಲರ್ ಕುಡಿಯೋದು, ಬಕೆಟ್‌ಗೆ ಹತ್ತೋದು ಅಂತ ಒಂದೂವರೆ-ಎರಡು ಕೆಜಿ ಜಾಸ್ತಿ ತನ್ನಿ. ಮಾಲು ಕಡಿಮೆ ಬಿದ್ದು ಮಧ್ಯದಲ್ಲಿ ಅಂಗಡಿಗೆ ಓಡೋದು, ಊಟಕ್ಕೆ ಹೋಗೋದಕ್ಕಿಂತ ದೊಡ್ಡ ತಪ್ಪು. ಬಣ್ಣ ಕೂಡ ಕೂದಲಷ್ಟು ಬೇರೆ ಬರುತ್ತದೆ.

## ಹಂತ 4: ಮುಚ್ಚೋದು, ಕಟ್ಟೋದು

ಎಂಸಿಬಿ (ಕರೆಂಟ್ ಕಡಿಯೋ ಸ್ವಿಚ್) ಆಫ್ ಮಾಡಿ ಸ್ವಿಚ್ ಬೋರ್ಡಿನ ಪ್ಲೇಟ್ ಬಿಚ್ಚಿ. ಸುತ್ತ ಟೇಪ್ ಹಚ್ಚಿ ಬಿಟ್ಟರೆ ಆಗಲ್ವಾ ಅಂತ ಕೇಳಬೇಡಿ. ಟೆಕ್ಸ್ಚರ್ ಪ್ಲೇಟಿನ ಅಂಚಿಗೆ ಕಟ್ಟಿಕೊಂಡರೆ ನಾಳೆ ಫ್ಯೂಸ್ ನೋಡೋಕೆ ಬಿಚ್ಚಿದಾಗ ಸುತ್ತಲಿನ ಗೋಡೆಯೂ ಜೊತೆಗೆ ಬರುತ್ತದೆ. ತೆರೆದ ಬಾಕ್ಸ್ ಒಳಗೆ ಕಾಗದ ತುರುಕಿ ಟೇಪ್ ಹಚ್ಚಿ. ಛಾವಣಿಯ ಅಂಚು, ಪಕ್ಕದ ಗೋಡೆಗಳ ಅಂಚು, ಸ್ಕರ್ಟಿಂಗ್, ಚೌಕಟ್ಟು, ಎಲ್ಲಕ್ಕೂ ಟೇಪ್. ಉಗುರಿನಿಂದ ಅಂಚು ಒತ್ತುತ್ತಾ ಹೋಗಿ.

ಫ್ಯಾನ್ ಬಂದ್. ಕಿಟಕಿ ಅರ್ಧ ಮುಚ್ಚಿ. ನಮ್ಮ ಕಡೆ ಬಿಸಿಗಾಳಿಯ ಜೊತೆ ಧೂಳೂ ಒಳಗೆ ಬರುತ್ತದೆ, ಹಸಿ ಟೆಕ್ಸ್ಚರ್‌ಗೆ ಹತ್ತಿದ ಧೂಳು ಮತ್ತೆ ಬಿಡಲ್ಲ.

## ಹಂತ 5: ಮಾಲಿನ ಹದ

ಎರಡು ಡಬ್ಬ ತಂದಿದ್ದರೆ ಎರಡನ್ನೂ ಒಂದೇ ದೊಡ್ಡ ಬಕೆಟ್‌ಗೆ ಸುರಿದು ಕೂಡಿಸಿ. ತಳದಲ್ಲಿ ಉಸುಕಿನಂಥ ಕಣ ಕೂತಿರುತ್ತದೆ, ಕೋಲಿನಿಂದ ತಳ ಕೆದಕಿ ನಿಧಾನ ತಿರುವಿ. ಡ್ರಿಲ್‌ಗೆ ಕಡೆಗೋಲು ಸಿಕ್ಕಿಸಿ ಜೋರಾಗಿ ಕಡೆದರೆ ಗಾಳಿ ಸೇರುತ್ತದೆ. ಆ ಗುಳ್ಳೆಗಳು ಗೋಡೆಯ ಮೇಲೆ ಒಡೆದು ಸೂಜಿ ತೂತು ಬೀಳುತ್ತವೆ.

ಹದ ಹೇಗಿರಬೇಕು? ಮಿರ್ಚಿ ಭಜಿ ಹಿಟ್ಟು ನೆನಪಿಸಿಕೊಳ್ಳಿ. ಮೆಣಸಿನಕಾಯಿ ಅದ್ದಿ ಎತ್ತಿದರೆ ಹಿಟ್ಟು ಸುತ್ತ ಹಿಡಿದುಕೊಂಡಿರಬೇಕು, ತುದಿಯಿಂದ ಒಂದು ದಪ್ಪ ಹನಿ ಯೋಚನೆ ಮಾಡಿ ಮಾಡಿ ಬೀಳಬೇಕು. ಕೋಲು ಅದ್ದಿ ನೋಡಿ, ಹಾಗೇ ಆಗಬೇಕು. ಸರಸರ ಹರಿದರೆ ಉಬ್ಬು ನಿಲ್ಲಲ್ಲ, ಐದು ನಿಮಿಷದಲ್ಲಿ ಕೆಳಗೆ ಜೋಲುತ್ತದೆ. ಮುದ್ದೆಯಾಗಿ ಕೂತರೆ ರೋಲರ್ ಎಳೆಯುತ್ತದೆ.

ನೀರು ಬೇಕಾದರೆ ಅಳತೆ ಲೋಟದಿಂದ ಹಾಕಿ. ಡಬ್ಬದಲ್ಲಿ ಹೇಳಿದ ಮಿತಿ ದಾಟಬೇಡಿ. ಇಡೀ ಮಾಲಿಗೆ ಒಮ್ಮೆಲೇ ಹಾಕಿ. ಅರ್ಧ ಗೋಡೆ ಆದ ಮೇಲೆ 'ಸ್ವಲ್ಪ ಗಟ್ಟಿ ಆಯ್ತು' ಅಂತ ಚೊಂಬಿನಿಂದ ಸುರಿದರೆ ಗೋಡೆಯ ಎಡಭಾಗ ಒಂದು ಊರು, ಬಲಭಾಗ ಇನ್ನೊಂದು ಊರು. ಕೆಲಸ ನಡೆಯುವಾಗ ಬಕೆಟ್ ಮೇಲೆ ಒದ್ದೆ ಗೋಣಿಚೀಲ ಮುಚ್ಚಿಡಿ, ಮೇಲೆ ಕೆನೆ ಕಟ್ಟಲ್ಲ.

## ಹಂತ 6: ರೋಲರ್ ಓಡಿಸೋದು

ಇಲ್ಲಿಂದ ಮುಂದೆ ನಿಲ್ಲೋ ಹಾಗಿಲ್ಲ. ಊಟ ಮುಗಿಸಿ, ನೀರು ಕುಡಿದು, ಫೋನ್ ಬೇರೆ ಕೋಣೆಯಲ್ಲಿಟ್ಟು ಬನ್ನಿ. ಜೊತೆಗೆ ಒಬ್ಬರು ಇರಲೇಬೇಕು. ಒಬ್ಬರು ಮಾಲು ಹಚ್ಚುತ್ತಾ ಮುಂದೆ ಹೋಗೋದು, ಇನ್ನೊಬ್ಬರು ಅಂಚು ಮತ್ತು ಕೊನೆಯ ಕೈ (ಕೊನೆಗೊಮ್ಮೆ ಹಗುರಾಗಿ ರೋಲರ್ ಇಳಿಸೋದು). ಕೊನೆಯ ಕೈ ಮಾಡುವವರು ಗೋಡೆ ಮುಗಿಯೋವರೆಗೆ ಬದಲಾಗಬಾರದು. ಎರಡು ಕೈಯ ಭಾರ ಒಂದೇ ಇರಲ್ಲ, ಗೋಡೆ ಅದನ್ನು ತೋರಿಸಿಬಿಡುತ್ತದೆ.

ರೋಲರ್ ಅನ್ನು ನೀರಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ. ಒಣ ಸ್ಪಂಜು ಮೊದಲ ಎರಡು ಅಡಿಯ ನೀರನ್ನೆಲ್ಲ ತಾನೇ ಕುಡಿಯುತ್ತದೆ.

ಗೋಡೆಯನ್ನು ಮನಸ್ಸಿನಲ್ಲಿ ಎರಡು ಅಡಿ ಅಗಲದ ಪಟ್ಟಿಗಳಾಗಿ ಮಾಡಿಕೊಳ್ಳಿ. 12 ಅಡಿಗೆ ಆರು ಪಟ್ಟಿ. ಒಂದು ಮೂಲೆಯಿಂದ ಶುರು, ಎದುರಿನ ಮೂಲೆಗೇ ಕೊನೆ. ಮೊದಲ ಪಟ್ಟಿಯ ಅಂಚಿಗೆ ಬ್ರಷ್‌ನಿಂದ ಮಾಲು ಹಚ್ಚಿ, ಆ ಬ್ರಷ್ ಗೆರೆ ಕಾಣದ ಹಾಗೆ ಸ್ಪಂಜಿನ ತುಂಡಿನಿಂದ ಮೆಲ್ಲಗೆ ತಟ್ಟಿ. ಅಂಚು ಹಚ್ಚೋದು ಆ ಪಟ್ಟಿಯಷ್ಟೇ. ಸಾದಾ ಬಣ್ಣದಲ್ಲಿ ಮಾಡುವ ಹಾಗೆ ಇಡೀ ಗೋಡೆಗೆ ಮೊದಲೇ ಸುತ್ತ ಅಂಚು ಹೊಡೆದಿಟ್ಟರೆ, ನೀವು ಅಲ್ಲಿಗೆ ಮುಟ್ಟೋಷ್ಟರಲ್ಲಿ ಅದು ಒಣಗಿ ಫೋಟೊ ಫ್ರೇಮ್ ಹಾಗೆ ಗೋಡೆಯ ಸುತ್ತ ಕಾಣುತ್ತದೆ. ಕೈ ಪಳಗಿದ ಪೇಂಟರ್‌ಗಳೂ ಈ ತಪ್ಪು ಮಾಡಿದ್ದು ನೋಡಿದ್ದೇನೆ, ಅಭ್ಯಾಸ ಬಲ.

ಆಮೇಲೆ ರೋಲರ್. ಅರ್ಧ ಮುಳುಗೋಷ್ಟು ಅದ್ದಿ, ಜಾಲರಿಯ ಮೇಲೆ ಎರಡು ಸಲ ಉರುಳಿಸಿ. ಗೋಡೆಯ ಮೇಲೆ ಕೆಳಗಿಂದ ಮೇಲೆ, ಓರೆಯಾಗಿ ಕೆಳಗೆ, ಮತ್ತೆ ಮೇಲೆ, ಹೀಗೆ ಮಾಲು ಇಳಿಸಿ. ನಡುವೆ ಬಿಟ್ಟ ಜಾಗ ತುಂಬಿ. ಇದು ಬರೀ ಹಚ್ಚೋದು, ಚಂದ ನೋಡಬೇಡಿ. ಮೇಲಿಂದ ಕೆಳಗಿನವರೆಗೆ ಒಂದು ಪಟ್ಟಿ ತುಂಬಿದ ಮೇಲೆ ಕೊನೆಯ ಕೈ: ಹೊಸ ಮಾಲು ತಗೊಳ್ಳದೆ, ರೋಲರ್‌ನ ತೂಕವಷ್ಟೇ ಗೋಡೆಗೆ ಬೀಳೋ ಹಾಗೆ, ಮೇಲಿಂದ ಕೆಳಗೆ ಒಂದೇ ದಿಕ್ಕಿನಲ್ಲಿ ಇಳಿಸಿ. ಕೆಳಗೆ ಮುಟ್ಟಿದ ಮೇಲೆ ಎತ್ತಿಬಿಡಿ, ವಾಪಸ್ ಮೇಲೆ ಉರುಳಿಸಬೇಡಿ. ಉಬ್ಬು ಏಳೋದು ಒತ್ತಿದಾಗ ಅಲ್ಲ, ರೋಲರ್ ಗೋಡೆಯನ್ನು ಬಿಡುವಾಗ. ಒತ್ತಿದಷ್ಟೂ ಗೋಡೆ ಚಪ್ಪಟೆ ಆಗುತ್ತದೆ.

ಎರಡನೇ ಪಟ್ಟಿ ಮೊದಲನೆಯದರ ಹಸಿ ಅಂಚಿನ ಮೇಲೆ ಮೂರು-ನಾಲ್ಕು ಇಂಚು ಹತ್ತಬೇಕು. ಹಸಿ ಇದೆಯಾ ಅಂತ ಬೆರಳ ತುದಿ ತಾಗಿಸಿ ನೋಡಿ. ಬೆರಳಿಗೆ ಅಂಟಿದರೆ ಸರಿ. ಅಂಟದೆ ಮೆತ್ತಗೆ ಒತ್ತಿಕೊಂಡರೆ ತಡವಾಗಿದೆ. ನಮ್ಮ ಪಡಸಾಲೆಯ ಗೋಡೆಯಲ್ಲಿ ಏಪ್ರಿಲ್‌ನಲ್ಲಿ ಅಂಚು ಹತ್ತು ನಿಮಿಷವೂ ತಡೆಯಲಿಲ್ಲ, ಅದನ್ನೇ ಕೆರೆದು ಡಿಸೆಂಬರ್‌ನಲ್ಲಿ ಮತ್ತೆ ಮಾಡಿದಾಗ ಇಪ್ಪತ್ತು ನಿಮಿಷ ಆರಾಮಾಗಿ ಸಿಕ್ಕಿತು. ಒಂದು ಪಟ್ಟಿಗೆ ಹತ್ತು-ಹನ್ನೆರಡು ನಿಮಿಷ ಬೇಕು. ಬೇಸಿಗೆಯಲ್ಲಿ ಯಾಕೆ ಸೋಲುತ್ತೇವೆ ಅಂತ ಲೆಕ್ಕ ಹಾಕಿ ನೋಡಿ.

ಈಗ ಆ ಬ್ಯಾಟರಿ. ಪ್ರತಿ ಪಟ್ಟಿ ಮುಗಿದ ಮೇಲೆ ಬ್ಯಾಟರಿಯನ್ನು ಗೋಡೆಗೆ ತಾಗಿಸಿ ಓರೆಯಾಗಿ ಬೆಳಕು ಬಿಡಿ. ಎದುರಿಗೆ ನಿಂತು ನೋಡಿದರೆ ಕಾಣದ ಬೋಳು ಜಾಗ, ಗುಡ್ಡ, ಗೀಟು ಎಲ್ಲ ನೆರಳು ಬಿಟ್ಟು ಎದ್ದು ಕಾಣುತ್ತವೆ. ಹಸಿ ಇರೋವಾಗಲೇ ಸ್ಪಂಜಿನ ತುಂಡಿನಿಂದ ತಟ್ಟಿ ಸರಿ ಮಾಡಿ. ಹಿಂದಿನ ಪಟ್ಟಿಯಲ್ಲಿ ಏನಾದರೂ ಕಂಡರೆ? ಹಲ್ಲು ಕಚ್ಚಿ ಮುಂದೆ ಹೋಗಿ. ಅರೆ ಒಣಗಿದ್ದನ್ನು ಮುಟ್ಟಿದರೆ ಸಣ್ಣ ಕಲೆ ದೊಡ್ಡ ಗಾಯ ಆಗುತ್ತದೆ.

ಕರೆಂಟ್ ಹೋಯಿತು, ಬಾಗಿಲು ಬಡಿದರು, ಏನೇ ಆಗಲಿ, ನಿಲ್ಲೋದಾದರೆ ಮೂಲೆಯಲ್ಲಿ ನಿಲ್ಲಿ. ಬಾಗಿಲ ಮೇಲಿನ ಸಣ್ಣ ತುಂಡು ಕೂಡ ಅದೇ ಓಟದಲ್ಲಿ ಮುಗಿಯಬೇಕು.

## ಹಂತ 7: ಟೇಪ್ ಕೀಳೋದು, ಒಣಗಿಸೋದು

ಮಾಲು ಹಸಿ ಇರೋವಾಗಲೇ ಟೇಪ್ ಓರೆಯಾಗಿ, ನಿಧಾನ ಎಳೆಯಿರಿ. ನಾಳೆ ಕೀಳೋಣ ಅಂದರೆ ಅಂಚು ಹಲ್ಲು ಹಲ್ಲಾಗಿ ಕಿತ್ತು ಬರುತ್ತದೆ. ಮರೆತು ಒಣಗಿಬಿಟ್ಟಿದ್ದರೆ ಬ್ಲೇಡಿನಿಂದ ಟೇಪಿನ ಗುಂಟ ಕೊಯ್ದು ಆಮೇಲೆ ತೆಗೆಯಿರಿ.

ಬೇಗ ಒಣಗಲಿ ಅಂತ ಫ್ಯಾನ್ ಹಾಕಬೇಡಿ. ಮೇಲ್ಪದರ ಮಾತ್ರ ಬಿಗಿದು ಒಳಗೆ ಹಸಿ ಉಳಿದರೆ ಬಿರುಕು ಬಿಡುತ್ತದೆ, ಕೆರೆ ಒಣಗಿದ ಮೇಲೆ ತಳದ ಮಣ್ಣು ಸೀಳುವ ಹಾಗೆ. 24 ಗಂಟೆ ಬಿಡಿ, ಬೆಳಗಾವಿಯ ಮಳೆಗಾಲದಲ್ಲಿ ಎರಡು-ಮೂರು ದಿನ. ಉಗುರು ಒತ್ತಿದರೆ ಗುರುತು ಬೀಳಬಾರದು.

## ಹಂತ 8: ಮೇಲಿನ ಬಣ್ಣ

ಮಾಲಿಗೇ ಬಣ್ಣ ಸೇರಿಸಿದ್ದರೂ ಮೇಲೆ ಎರಡು ಕೈ ತೊಳೆಯಬಹುದಾದ ಎಮಲ್ಶನ್ ಹೊಡೆಯಿರಿ. ಇಲ್ಲದಿದ್ದರೆ ನಮ್ಮ ಊರಿನ ಧೂಳಿಗೆ ಆರು ತಿಂಗಳಲ್ಲಿ ಗೋಡೆ ಮಾಸುತ್ತದೆ. ಮೊದಲ ಕೈಗೆ ಉದ್ದ ಕೂದಲಿನ ರೋಲರ್ ಬೇಕು, ಅದು ತಗ್ಗಿನೊಳಗೂ ಇಳಿಯುತ್ತದೆ. ಒಂದು ಕೈ ಮೇಲಿಂದ ಕೆಳಗೆ, ಎರಡನೆಯದು ಅಡ್ಡ. ಹೊಳಪು ಜಾಸ್ತಿ ಇರೋದು ಬೇಡ, ಹೊಳಪು ಪ್ರತಿ ಕಲೆಯನ್ನೂ ಎತ್ತಿ ತೋರಿಸುತ್ತದೆ.

## ಕೆಲಸ ನಡೆಯುವಾಗ ಈ ಸೂಚನೆ ಕಂಡರೆ

ರೋಲರ್ ಉರುಳದೆ ಜಾರುತ್ತಿದೆ: ಕೆಳಗೆ ಆಯಿಲ್ ಪೇಂಟ್ ಹೊಳಪು ಉಳಿದಿದೆ, ಇಲ್ಲವೇ ಮಾಲು ನೀರಾಗಿದೆ.

ರೋಲರ್ ಎತ್ತುವಾಗ ಚಟಚಟ ಸದ್ದು ಬಂದು ದಾರದಂತೆ ಎಳೆ ಏಳುತ್ತಿದೆ: ಮಾಲು ಒಣಗತೊಡಗಿದೆ. ವೇಗ ಹೆಚ್ಚಿಸಿ, ಪಟ್ಟಿ ಒಂದೂವರೆ ಅಡಿಗೆ ಇಳಿಸಿ.

ರೋಲರ್ ಮೈಗೆ ಬಿಳಿ ಚಕ್ಕೆ ಹತ್ತಿ ಬರುತ್ತಿದೆ: ಕೆಳಗಿನ ಪುಟ್ಟಿ ಏಳುತ್ತಿದೆ. ತಕ್ಷಣ ನಿಲ್ಲಿಸಿ. ಇದೊಂದೇ ಸಂದರ್ಭದಲ್ಲಿ ನಡುಗೋಡೆಯಲ್ಲಿ ನಿಲ್ಲಬಹುದು, ಯಾಕಂದರೆ ಆ ಗೋಡೆ ಹೇಗಿದ್ದರೂ ಹೋಯಿತು. ಹಸಿ ಇರುವಾಗಲೇ ಪಟ್ಟಿಯಿಂದ ಎಲ್ಲ ಕೆರೆದು ತೆಗೆಯಿರಿ, ಒಣಗಿದ ಮೇಲೆ ಕೆರೆಯೋಕೆ ನನಗೆ ಎರಡು ದಿನ ಹಿಡಿದಿತ್ತು.

ವಾರದ ಮೇಲೆ ಬುಡದಲ್ಲಿ ಕಪ್ಪಗೆ ಕಲೆ ಮೂಡಿತು: ತೇವ. ಮೇಲೆ ಬಣ್ಣ ಹೊಡೆದು ಮುಚ್ಚಬೇಡಿ, ಪೈಪ್ ನೋಡಿ, ಹೊರಗಿನ ಗೋಡೆ ನೋಡಿ.

## ತೊಳೆಯೋದು ಮತ್ತು ಉಳಿದ ಮಾಲು

ರೋಲರ್, ಬ್ರಷ್‌ಗಳನ್ನು ಬಚ್ಚಲಿನಲ್ಲಿ ತೊಳೆಯಬೇಡಿ. ಆ ಉಸುಕು ಪೈಪಿನ ಬಾಗಿನಲ್ಲಿ ಕೂತು ಕಲ್ಲಾಗುತ್ತದೆ. ಬಕೆಟ್‌ನಲ್ಲಿ ತೊಳೆದು ಒಂದು ರಾತ್ರಿ ಬಿಡಿ, ಮೇಲಿನ ನೀರನ್ನು ಬಾವಿ, ಗಟಾರದಿಂದ ದೂರ ಬರಿ ನೆಲಕ್ಕೆ ಚೆಲ್ಲಿ, ತಳದ ಗಸಿ ಒಣಗಿಸಿ ಕಸಕ್ಕೆ ಹಾಕಿ.

ಉಳಿದ ಮಾಲನ್ನು ಸಣ್ಣ ಡಬ್ಬಕ್ಕೆ ಬಾಯಿತನಕ ತುಂಬಿ ಮುಚ್ಚಿ. ಮುಚ್ಚಳದ ಮೇಲೆ ಶೇಡ್ ನಂಬರ್, ತಾರೀಖು, ಎಷ್ಟು ನೀರು ಹಾಕಿದಿರಿ ಅನ್ನೋದು ಬರೆಯಿರಿ. ಸ್ಪಂಜಿನ ತುಂಡನ್ನೂ, ತಾಲೀಮಿನ ಬೋರ್ಡನ್ನೂ ಎಸೆಯಬೇಡಿ. ನಮ್ಮದು ಅಟ್ಟದ ಮೇಲೆ ಇದೆ. ಮೊನ್ನೆ ಕ್ಯಾಲೆಂಡರ್ ಮೊಳೆ ಹೊಡೆಯುವಾಗ ನಾಲ್ಕಾಣೆಯಷ್ಟು ಚಕ್ಕೆ ಎದ್ದಿತ್ತು. ಬೋರ್ಡಿನ ಮೇಲೆ ಎರಡು ಸಲ ತಟ್ಟಿ ಹದ ನೋಡಿಕೊಂಡು, ಮೂರನೆಯದು ಗೋಡೆಗೆ ತಟ್ಟಿದೆ. ಕ್ಯಾಲೆಂಡರ್ ಈಗ ಅದರ ಮೇಲೇ ತೂಗುತ್ತಿದೆ, ಆ ಮಾತು ಬೇರೆ.